ಷೆವ್ರೊಲೆ ಕಾರ್ವೆಟ್

ಷೆವ್ರೊಲೆ ಕಾರ್ವೆಟ್ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ ಷೆವ್ರೊಲೆ ವಿಭಾಗದ ಮೂಲಕ 1953ರಿಂದ ತಯಾರಿಸುತ್ತಿರುವ ಎರಡು ಆಸನಗಳ ಕ್ರೀಡಾ ಕಾರು. ಇದುವರೆಗೆ ಇದರ ಎಂಟು ಪೀಳಿಗೆಗಳು ಬಂದಿದ್ದು, ಅವುಗಳನ್ನು ಸಿ1ರಿಂದ ಸಿ8ರವರೆಗಿನ ಸಂಕೇತಗಳಿಂದ ಗುರುತಿಸಲಾಗುತ್ತದೆ. ಏಳು ಪೀಳಿಗೆಗಳ ಕಾಲ ಮುಂಭಾಗದಲ್ಲಿಯೇ ಇದ್ದ ಎಂಜಿನ್, 2020ರ ಮಾದರಿಯಲ್ಲಿ ಚಾಲಕನ ಹಿಂಬದಿಗೆ ಸ್ಥಳಾಂತರಗೊಂಡಿತು. ಹೊರಗಿನ ರೂಪಕ್ಕೂ ಒಳಗಿನ ಸಾಮರ್ಥ್ಯಕ್ಕೂ ನಡೆದ ಹಗ್ಗಜಗ್ಗಾಟವನ್ನು ಈ ಕಾರಿನ ಇತಿಹಾಸದುದ್ದಕ್ಕೂ ಕಾಣಬಹುದು.

ಆರಂಭ (1953–1962)

ಸಂಸ್ಥೆಯ ವಿನ್ಯಾಸ ಮುಖ್ಯಸ್ಥರಾಗಿದ್ದ ಹಾರ್ಲೆ ಅರ್ಲ್ ಅವರ ಕಲ್ಪನೆಯಲ್ಲಿ ರೂಪುಗೊಂಡ ಈ ಕಾರನ್ನು 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ನಡೆದ ಮೋಟೋರಾಮಾ ಪ್ರದರ್ಶನದಲ್ಲಿ ಅನಾವರಣಗೊಳಿಸಲಾಯಿತು. ಕಾರ್ವೆಟ್ ಎಂಬುದು ಮೂಲತಃ ಒಂದು ಬಗೆಯ ಸಣ್ಣ ಯುದ್ಧನೌಕೆಯ ಹೆಸರು. ಮೊದಲ ವರ್ಷ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 300 ಕಾರುಗಳು ತಯಾರಾದವು. ಅವೆಲ್ಲವೂ ಬಿಳಿಯ ಬಣ್ಣದವು. ಉಕ್ಕಿನ ತಗಡನ್ನು ಒತ್ತುವ ದುಬಾರಿ ಅಚ್ಚುಗಳನ್ನು ಅಲ್ಪ ಸಂಖ್ಯೆಯ ಕಾರುಗಳಿಗಾಗಿ ಸಿದ್ಧಪಡಿಸುವುದು ಲಾಭದಾಯಕವಲ್ಲವಾದ್ದರಿಂದ ಹೊರಮೈಗೆ ಫೈಬರ್‌ಗ್ಲಾಸ್ ಬಳಸಲಾಯಿತು.

ನೋಟಕ್ಕೆ ಆಕರ್ಷಕವಾಗಿದ್ದರೂ ಓಟದಲ್ಲಿ ಈ ಕಾರು ಸಾಧಾರಣವಾಗಿತ್ತು. ಆರು ಸಿಲಿಂಡರುಗಳ ಎಂಜಿನ್ 150 ಅಶ್ವಶಕ್ತಿಯನ್ನು ಮಾತ್ರ ನೀಡುತ್ತಿತ್ತು. ಗೇರ್ ವ್ಯವಸ್ಥೆ ಎರಡು ಹಂತಗಳ ಸ್ವಯಂಚಾಲಿತ ಬಗೆಯದು. ಬೇಡಿಕೆ ಕುಸಿದು 1955ರಲ್ಲಿ ಕೇವಲ 700 ಕಾರುಗಳು ತಯಾರಾದವು. ಅದೇ ವರ್ಷ ಅಳವಡಿಸಲಾದ 195 ಅಶ್ವಶಕ್ತಿಯ ವಿ8 ಎಂಜಿನ್ ಕಾರ್ವೆಟ್ ಉಳಿಯಲು ಮುಖ್ಯ ಕಾರಣವಾಯಿತು. 1953ರಲ್ಲಿ ಸಂಸ್ಥೆಯನ್ನು ಸೇರಿದ್ದ ಎಂಜಿನಿಯರ್ ಜೋರಾ ಆರ್ಕಸ್ ಡಂಟೊವ್ ಈ ಕಾರನ್ನು ನಿಜವಾದ ಕ್ರೀಡಾ ಕಾರಾಗಿ ಬೆಳೆಸಿದರು. 1957ರಲ್ಲಿ ಇಂಧನವನ್ನು ಚಿಮ್ಮಿಸಿ ಒದಗಿಸುವ ಫ್ಯೂಯೆಲ್ ಇಂಜೆಕ್ಷನ್ ತಂತ್ರದಿಂದ ಗರಿಷ್ಠ ಶಕ್ತಿ 283 ಅಶ್ವಶಕ್ತಿಗೆ ಏರಿತು.

ಸ್ಟಿಂಗ್ ರೇ (1963–1967)

ಎರಡನೆಯ ಪೀಳಿಗೆಯಲ್ಲಿ ಹಿಂದಿನ ಪ್ರತಿಯೊಂದು ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ದೊರೆಯಿತು. ಇದರಿಂದ ಒಂದು ಚಕ್ರ ಹಳ್ಳಕ್ಕಿಳಿದರೂ ಇನ್ನೊಂದು ನೆಲದ ಹಿಡಿತವನ್ನು ಉಳಿಸಿಕೊಳ್ಳಬಲ್ಲದು. 1963ರ ಕೂಪೆ ಮಾದರಿಯ ಹಿಂದಿನ ಗಾಜನ್ನು ನಡುವೆ ಪಟ್ಟಿಯೊಂದು ಎರಡಾಗಿ ಸೀಳಿತ್ತು. ಆಗಿನ ವಿನ್ಯಾಸ ಮುಖ್ಯಸ್ಥ ಬಿಲ್ ಮಿಚೆಲ್ ಇದನ್ನು ಬಯಸಿದರೆ, ಚಾಲಕನಿಗೆ ಹಿಂದಿನ ನೋಟ ಮರೆಯಾಗುತ್ತದೆಂದು ಡಂಟೊವ್ ವಿರೋಧಿಸಿದರು. ಮರುವರ್ಷವೇ ಪಟ್ಟಿಯನ್ನು ಕೈಬಿಡಲಾಯಿತು. ಒಂದೇ ವರ್ಷ ಬಂದ ಆ ವಿನ್ಯಾಸವನ್ನು ಇಂದು ಸಂಗ್ರಾಹಕರು ವಿಶೇಷವಾಗಿ ಅರಸುತ್ತಾರೆ. 1965ರಿಂದ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದಿತು.

ನಿಯಮಗಳ ಕಾಲ (1968–1982)

ಮೂರನೆಯ ಪೀಳಿಗೆಯ ರೂಪಕ್ಕೆ ಮ್ಯಾಕೊ ಶಾರ್ಕ್ 2 ಎಂಬ ಪರಿಕಲ್ಪನಾ ಕಾರು ಮಾದರಿಯಾಯಿತು. ಈ ಅವಧಿಯಲ್ಲಿ ವಿನ್ಯಾಸವನ್ನು ಕಾನೂನು ಗಾಢವಾಗಿ ಪ್ರಭಾವಿಸಿತು. ಅಪಘಾತ ಸುರಕ್ಷತೆಯ ನಿಯಮಗಳಿಂದ 1973ರಲ್ಲಿ ಮುಂದಿನ ಹಾಗೂ 1974ರಲ್ಲಿ ಹಿಂದಿನ ಕ್ರೋಮ್ ಬಂಪರುಗಳು ಮರೆಯಾದವು. ವಾಯುಮಾಲಿನ್ಯ ನಿಯಂತ್ರಣಕ್ಕಾಗಿ 1975ರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಳವಡಿಸಲಾಯಿತು. ಆ ವರ್ಷದ ಮೂಲ ಎಂಜಿನ್ನಿನ ಶಕ್ತಿ 165 ಅಶ್ವಶಕ್ತಿಗೆ ಇಳಿದಿತ್ತು. ಆದರೆ ಹಳೆಯ ಮತ್ತು ಹೊಸ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಹಿಂದೆ ಪೂರಕ ಸಾಧನಗಳಿಲ್ಲದ ಎಂಜಿನ್ನನ್ನು ಅಳೆದು ಶಕ್ತಿಯನ್ನು ಘೋಷಿಸಲಾಗುತ್ತಿತ್ತು. 1972ರಿಂದ ಕಾರಿನಲ್ಲಿ ಜೋಡಿಸಿದ ಸ್ಥಿತಿಗೆ ಹತ್ತಿರವಾದ ನಿವ್ವಳ ಶಕ್ತಿಯನ್ನು ನಮೂದಿಸಲಾಯಿತು. 1981ರಲ್ಲಿ ತಯಾರಿಕೆಯು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ನಗರಕ್ಕೆ ವರ್ಗಾವಣೆಗೊಂಡಿತು.

ಪುನರುತ್ಥಾನ (1984–2019)

1983ರ ಮಾದರಿ ಮಾರುಕಟ್ಟೆಗೆ ಬರಲಿಲ್ಲ. ಪರೀಕ್ಷಾರ್ಥವಾಗಿ ತಯಾರಿಸಿದವುಗಳಲ್ಲಿ ಉಳಿದಿರುವ ಒಂದೇ ಕಾರು ಬೌಲಿಂಗ್ ಗ್ರೀನ್‌ನಲ್ಲಿರುವ ರಾಷ್ಟ್ರೀಯ ಕಾರ್ವೆಟ್ ಸಂಗ್ರಹಾಲಯದಲ್ಲಿದೆ. ನಾಲ್ಕನೆಯ ಪೀಳಿಗೆ 1984ರ ಮಾದರಿಯಾಗಿ ಬಂದಿತು. 1990ರ ಝಡ್‌ಆರ್-1 ಮಾದರಿಗೆ ಬ್ರಿಟನ್ನಿನ ಲೋಟಸ್ ಸಂಸ್ಥೆಯ ನೆರವಿನಿಂದ ರೂಪಿಸಿದ 375 ಅಶ್ವಶಕ್ತಿಯ ಎಂಜಿನ್ ಇತ್ತು. 1997ರ ಐದನೆಯ ಪೀಳಿಗೆಯಲ್ಲಿ ಗೇರ್ ಪೆಟ್ಟಿಗೆಯನ್ನು ಹಿಂಬದಿಗೆ ಸರಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ಭಾರವನ್ನು ಹೊಂದಿಸಲಾಯಿತು. 2005ರ ಆರನೆಯ ಪೀಳಿಗೆಯಲ್ಲಿ, 1962ರ ಬಳಿಕ ಮೊದಲ ಬಾರಿಗೆ ಮುಂದೀಪಗಳು ಸದಾ ಕಾಣುವಂತಾದವು. ಇದೇ ಪೀಳಿಗೆಯ 2009ರ ಝಡ್‌ಆರ್1 ಮಾದರಿಯ ಶಕ್ತಿ 638 ಅಶ್ವಶಕ್ತಿ. 2014ರ ಏಳನೆಯ ಪೀಳಿಗೆಯ ಕೋನಾಕಾರದ ಹಿಂದೀಪಗಳು ದುಂಡು ದೀಪಗಳಿಗೆ ಒಗ್ಗಿದ್ದ ಅಭಿಮಾನಿಗಳಲ್ಲಿ ಚರ್ಚೆಗೆ ಕಾರಣವಾದವು.

ಎಂಜಿನ್ ಸ್ಥಾನಪಲ್ಲಟ (2020ರಿಂದ)

ಕಾರು ರಭಸದಿಂದ ಮುನ್ನುಗ್ಗುವಾಗ ಭಾರವು ಹಿಂದಕ್ಕೆ ವಾಲುತ್ತದೆ. ಎಂಜಿನ್ ಹಿಂದಿನ ಚಕ್ರಗಳ ಸಮೀಪದಲ್ಲಿದ್ದರೆ ಅವುಗಳಿಗೆ ನೆಲದ ಹಿಡಿತ ಹೆಚ್ಚು ದೊರೆಯುತ್ತದೆ. ಮುಂಭಾಗದಲ್ಲಿ ಎಂಜಿನ್ ಇರುವ ಕಾರಿನಲ್ಲಿ ಶಕ್ತಿಯನ್ನು ಒಂದು ಮಿತಿಯಾಚೆಗೆ ಹೆಚ್ಚಿಸಿದರೆ ಚಕ್ರಗಳು ಜಾರಿ ತಿರುಗಿ ಶಕ್ತಿ ವ್ಯರ್ಥವಾಗುತ್ತದೆ. ಡಂಟೊವ್ 1960ರಲ್ಲಿಯೇ ಚಾಲಕನ ಹಿಂದೆ ಎಂಜಿನ್ ಇರುವ ಸರ್ವ್ 1 ಎಂಬ ಪ್ರಾಯೋಗಿಕ ಕಾರನ್ನು ನಿರ್ಮಿಸಿ, ಕಾರ್ವೆಟ್ಟಿಗೂ ಈ ಕ್ರಮ ಬೇಕೆಂದು ಪ್ರತಿಪಾದಿಸಿದ್ದರು. ಅವರು 1996ರಲ್ಲಿ ನಿಧನರಾದರು. ಅವರ ಆಶಯವನ್ನು ಈಡೇರಿಸಿದ ಎಂಟನೆಯ ಪೀಳಿಗೆ 2019ರ ಜುಲೈಯಲ್ಲಿ ಅನಾವರಣಗೊಂಡಿತು.

ಇದರ ಮೂಲ ಮಾದರಿಯ 6.2 ಲೀಟರ್ ವಿ8 ಎಂಜಿನ್ 490 ಅಶ್ವಶಕ್ತಿ ನೀಡುತ್ತದೆ. ಕೈಯಿಂದ ಬದಲಿಸುವ ಗೇರ್ ವ್ಯವಸ್ಥೆಯನ್ನು ಕೈಬಿಟ್ಟು, ಎಂಟು ಹಂತಗಳ ಡ್ಯುಯಲ್ ಕ್ಲಚ್ ವ್ಯವಸ್ಥೆಯನ್ನು ಮಾತ್ರ ಒದಗಿಸಲಾಗಿದೆ. 2024ರ ಇ-ರೇ ಮಾದರಿಯಲ್ಲಿ ವಿದ್ಯುತ್ ಮೋಟಾರು ಮುಂದಿನ ಚಕ್ರಗಳನ್ನು ಚಲಿಸುವುದರಿಂದ, ಅದು ನಾಲ್ಕೂ ಚಕ್ರಗಳಿಗೆ ಶಕ್ತಿ ಒದಗಿಸುವ ಮೊದಲ ಕಾರ್ವೆಟ್ ಆಯಿತು. 2025ರ ಝಡ್‌ಆರ್1 ಮಾದರಿಯ ಶಕ್ತಿ 1,064 ಅಶ್ವಶಕ್ತಿಗೆ ಏರಿದೆ.

ಉಳಿದುಬಂದ ಲಕ್ಷಣಗಳು

ಎರಡೇ ಆಸನಗಳು ಮತ್ತು ಉಕ್ಕಿನದಲ್ಲದ ಹೊರಮೈ 1953ರಿಂದಲೂ ಮುಂದುವರಿದಿವೆ. 1955ರಲ್ಲಿ ಬಂದ ವಿ8 ವಿನ್ಯಾಸವು ಇಂದಿಗೂ ಬಳಕೆಯಲ್ಲಿದೆ. ಎಂಜಿನ್ನಿನ ಸ್ಥಾನ ಬದಲಾದರೂ 2020ರ ಮೂಲ ಮಾದರಿಯ ಆರಂಭಿಕ ಬೆಲೆಯನ್ನು 60,000 ಡಾಲರಿಗಿಂತ ಕೆಳಗೆ ಇರಿಸಲಾಗಿತ್ತು. ಇದೇ ರಚನೆಯ ಯುರೋಪಿನ ಅನೇಕ ಕಾರುಗಳಿಗೆ ಹೋಲಿಸಿದರೆ ಇದು ಬಹಳ ಕಡಿಮೆ.