ವಾರಕ್ಕೊಂದು ಸಿನಿಮಾ, ಶನಿವಾರದ ಮಾತು

ಸಿನಿಮಾ ನೋಡುವುದರಲ್ಲಿ ಅರ್ಧ ಸುಖ, ನೋಡಿ ಬಂದು ಅದರ ಕಥೆ ಹೇಳುವುದರಲ್ಲಿ ಇನ್ನರ್ಧ. ಹೌದೋ ಅಲ್ಲವೋ ನೀವೇ ಹೇಳಿ! ಟಾಕೀಸಿನಲ್ಲಿ ಹೆಂಗಸರಿಗೇ ಬೇರೆ ಸಾಲು, ಟಿಕೆಟ್ಟಿಗೆ ಬೇರೆ ಕಿಟಕಿ ಇದ್ದ ಕಾಲವದು. ಮ್ಯಾಟಿನಿಗೆ ಹೋಗಿ ಬಂದವಳು ಮಾರನೆಯ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಬಿಂದಿಗೆಗೊಂದು ರೀಲಿನಂತೆ ಕಥೆ ಬಿಚ್ಚುತ್ತಿದ್ದಳು. ಹಾಡಿನ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿತ್ತು. ಸಿನಿಮಾ ನೋಡದವರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು.

ಈಗ ಮನೆಮನೆಯಲ್ಲೂ ಟಿ.ವಿ., ಕೈಕೈಯಲ್ಲೂ ಮೊಬೈಲು. ಬೇಕಾದ ಚಿತ್ರ ಬೇಕಾದಾಗ ನೋಡಬಹುದು. ಆದರೆ ಗಂಡ ಒಂದು ಕೋಣೆಯಲ್ಲಿ, ಮಗಳು ಇನ್ನೊಂದು ಕೋಣೆಯಲ್ಲಿ, ನಾವು ಅಡಿಗೆಮನೆಯ ಕಟ್ಟೆಗೆ ಮೊಬೈಲು ಒರಗಿಸಿಕೊಂಡು ಹುರುಳಿಕಾಯಿ ಹೆಚ್ಚುತ್ತಾ! ಸಿನಿಮಾ ಮುಗಿದರೆ ಮುಗಿಯಿತು. ಹೇಳೋಣವೆಂದರೆ ಕೇಳುವವರು ಯಾರು?

ಈ ಕೊರತೆ ನೀಗಿಸಲೆಂದೇ ಮೈಸೂರಿನ ನಮ್ಮ ಬಡಾವಣೆಯಲ್ಲಿ ನಾವು ಐದು ಜನ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸೇರುವ ಪದ್ಧತಿ ಇಟ್ಟುಕೊಂಡಿದ್ದೇವೆ. ನಿವೃತ್ತರಾದ ಲೆಕ್ಕದ ಟೀಚರ್ ಒಬ್ಬರು, ಕಾಲೇಜಿನಲ್ಲಿ ಪಾಠ ಹೇಳುವ ಚಿಕ್ಕ ವಯಸ್ಸಿನವಳು ಒಬ್ಬಳು, ರವಿಕೆ ಹೊಲಿಯುವ ಗೆಳತಿ, ನಾನು, ಮತ್ತೆ ನಮ್ಮೆಲ್ಲರಿಗಿಂತ ಹಿರಿಯರಾದ, ಸಾರಿನ ಪುಡಿ ಹುಳಿಪುಡಿ ಮಾಡಿ ಮಾರುವ ಒಬ್ಬರು. ಅವರನ್ನು ನಾವೆಲ್ಲ ದೊಡ್ಡಮ್ಮ ಎಂದೇ ಕರೆಯುವುದು. ಈ ವಾರದ ಚಿತ್ರ ಯಾವುದೆಂದು ಸರದಿಯ ಮೇಲೆ ಒಬ್ಬರು ಹೇಳಬೇಕು. ವಾರದೊಳಗೆ ಎಲ್ಲರೂ ಅವರವರ ಮನೆಯಲ್ಲೇ ಅದನ್ನು ನೋಡಿ ಮುಗಿಸಬೇಕು. ಗಂಡಸರಿಗೆ ಪ್ರವೇಶವಿಲ್ಲವೆಂದೇನೂ ಇಲ್ಲ. ಹಳೇ ಚಿತ್ರ ಎಂದ ಕೂಡಲೆ ಅವರಿಗೆ ಕಣ್ಣು ತಾನಾಗಿ ಮುಚ್ಚುತ್ತದೆ, ಅಷ್ಟೆ.

ಮೊದಲೇ ಒಂದು ಕಿವಿಮಾತು. ತಿಂಡಿ ಒಂದೇ ಇರಲಿ. ಶುರುವಿನಲ್ಲಿ ಒಬ್ಬರು ನಿಪ್ಪಟ್ಟು ಕರಿದರೆಂದು ಮುಂದಿನವರು ಒಬ್ಬಟ್ಟು ತಟ್ಟಿದರು. ಮೂರನೆಯ ವಾರ ಹೊಲಿಗೆಯ ಗೆಳತಿ, "ನನ್ನ ಮನೇಲಿ ಬೇಡ ಕಣ್ರೀ" ಅಂದುಬಿಟ್ಟಳು. ಅವತ್ತಿನಿಂದ ಒಗ್ಗರಣೆ ಅವಲಕ್ಕಿಯೋ ಮಂಡಕ್ಕಿಯೋ, ಒಂದು ಲೋಟ ಕಾಫಿ. ಅಷ್ಟೇ ಸಾಕು.

ನಾವು ಆರಿಸಿದ ಮೊದಲ ಚಿತ್ರ ಪುಟ್ಟಣ್ಣ ಕಣಗಾಲರ 1967ರ 'ಬೆಳ್ಳಿಮೋಡ'. ತ್ರಿವೇಣಿಯವರ ಕಾದಂಬರಿ. ಎಸ್ಟೇಟಿನ ಒಬ್ಬಳೇ ಮಗಳೆಂದು ಇಂದಿರಾಳನ್ನು ಒಪ್ಪಿಕೊಂಡ ಹುಡುಗ, ಅವಳ ತಂದೆಯ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದಿ ಬರುವಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟಿರುತ್ತಾನೆ. ಆಸ್ತಿ ಕೈತಪ್ಪಿತೆಂದು ಹುಡುಗ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಪೆಟ್ಟಾಗಿ ಮಲಗಿದಾಗ ಇಂದಿರಾ ಶುಶ್ರೂಷೆ ಮಾಡುತ್ತಾಳೆ. ಆದರೆ ಅವನು ಮದುವೆಯ ಮಾತೆತ್ತಿದಾಗ ಒಲ್ಲೆ ಎನ್ನುತ್ತಾಳೆ. "ಶುಶ್ರೂಷೆ ಯಾಕೆ ಮಾಡಬೇಕಿತ್ತು?" ಎಂದು ಟೀಚರ್. "ಮಾಡಿದ್ದಕ್ಕೇ ಅಲ್ಲವಾ ಬೇಡ ಅನ್ನೋ ಮಾತಿಗೆ ತೂಕ ಬಂದಿದ್ದು" ಎಂದು ಹೊಲಿಗೆಯ ಗೆಳತಿ. ಅವಳು ಓದಿದ್ದು ಏಳನೇ ಕ್ಲಾಸು. ನಾವೆಲ್ಲ ಸುಮ್ಮನಾದೆವು.

ಮುಂದೆ 1974ರ 'ಎರಡು ಕನಸು' ಬಂತು, ವಾಣಿಯವರ ಕಥೆ. ಹಳೆಯ ಪ್ರೀತಿ ಮರೆಯಲಾರದ ಗಂಡ, ಅವನಿಗಾಗಿ ಕಾಯುವ ಗೌರಿ. ರಾಜಕುಮಾರ್ ಅಭಿಮಾನಿಗಳು ನನ್ನ ಮೇಲೆ ಕೋಪ ಮಾಡಿಕೊಳ್ಳಬಾರದು, ಆ ದಿನ ಗಂಡನ ಪರವಾಗಿ ಒಂದು ಓಟೂ ಬೀಳಲಿಲ್ಲ!

ಆದರೆ ಈ ಲೇಖನ ಬರೆಯಲು ಕಾರಣವಾದದ್ದು 'ಶರಪಂಜರ'ದ ವಾರ.

1971ರ ಈ ಚಿತ್ರವನ್ನು ನೋಡದವರು ಕಡಿಮೆ. ಇದೂ ತ್ರಿವೇಣಿಯವರದೇ ಕಾದಂಬರಿ, ಪುಟ್ಟಣ್ಣನವರದೇ ನಿರ್ದೇಶನ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಷ್ಟ ಶುರುವಾಗುವುದೇ ಆಮೇಲೆ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ಹೊರಟುಹೋಗಿದೆ. ಕೊನೆಗೆ ಆ ಹೆಣ್ಣು ಮತ್ತೆ ಹುಚ್ಚಿಯೇ ಆಗುತ್ತಾಳೆ. ಕಲ್ಪನಾ ಅವರ ಕಣ್ಣುಗಳನ್ನು ಮರೆಯಲು ಸಾಧ್ಯವೇ?

ಚಿತ್ರ ಆರಿಸಿದ್ದು ಕಾಲೇಜಿನ ಹುಡುಗಿ. ಮಾತು ಶುರು ಮಾಡಿದವಳೂ ಅವಳೇ, ಅದೂ ತಕರಾರಿನಿಂದ. ಕಾವೇರಿಯ ಕಾಯಿಲೆಗೂ ಅವಳ ಮದುವೆಗೆ ಮುಂಚಿನ ಒಂದು ಕಹಿ ಘಟನೆಗೂ ಚಿತ್ರ ಗಂಟು ಹಾಕುತ್ತದಲ್ಲ, ಅದು ಅವಳಿಗೆ ಹಿಡಿಸಲಿಲ್ಲ. "ಹಿಂದೆ ಏನೋ ಆಗಿರಲೇಬೇಕಾ ಆಂಟೀ? ಏನೂ ಆಗದವರಿಗೂ ಬರುತ್ತೆ ಇದು" ಎಂದಳು. ಟೀಚರ್ ಗಂಡನನ್ನು ಹಿಡಿದು ಜಾಡಿಸಿದರು. ಹೊಲಿಗೆಯ ಗೆಳತಿ, "ಮನೆಯವರು ನೋಡೋ ನೋಟಾನೇ ಕೊಲ್ಲೋದು" ಎಂದಳು.

ಅಲ್ಲಿಯವರೆಗೆ ಸುಮ್ಮನಿದ್ದ ದೊಡ್ಡಮ್ಮ ಲೋಟ ಕೆಳಗಿಟ್ಟು, "ಕಾವೇರಿಗೆ ಚಾಕು ಕೊಡ್ತಿರಲಿಲ್ಲ ಅನ್ನೋದನ್ನ ಸಿನಿಮಾದಲ್ಲಿ ತೋರಿಸಬೇಕಿತ್ತು" ಅಂದರು. ಯಾರಿಗೂ ಅರ್ಥವಾಗಲಿಲ್ಲ. "ತರಕಾರಿ ಹೆಚ್ಚೋಕೆ ಕೂತರೆ ಯಾರಾದರೂ ಬಂದು ಮೆಲ್ಲಗೆ ಈಳಿಗೆಮಣೆ ತಗೊಂಡು ಹೋಗೋರು. ಮಗೂಗೆ ಎಣ್ಣೆ ಹಚ್ಚಿದರೆ ಅತ್ತೆ ಬಾಗಿಲಲ್ಲಿ ನಿಂತಿರೋರು. ಅನ್ನ ಸೀದರೆ ಯಾರೂ ಬೈಯ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಾಪ, ಅವಳಿಗೆ ಆಗಾಗ ಹಾಗಾಗುತ್ತೆ ಅನ್ನೋರು."

ಆಗ ತಿಳಿಯಿತು ನಮಗೆ. ದೊಡ್ಡಮ್ಮನ ಎರಡನೆಯ ಬಾಣಂತನ 1982ರಲ್ಲಿ. ಆರನೆಯ ದಿನದಿಂದ ನಿದ್ದೆ ಇಲ್ಲ, ಒಂದೇ ಸಮನೆ ಮಾತು, ಮಗುವನ್ನು ಯಾರೋ ಬದಲಾಯಿಸಿದ್ದಾರೆಂದು ಹೆದರಿಕೆ. ಬಾಣಂತಿ ಸನ್ನಿ ಎಂದರು ಕೆಲವರು, ಗಾಳಿ ಸೋಕಿದೆ ಎಂದರು ಉಳಿದವರು. ತಾಯಿತ ಕಟ್ಟಿಸಿದರು, ಮಂತ್ರ ಹಾಕಿಸಿದರು, ಹಿತ್ತಲ ಕೋಣೆಯಲ್ಲಿ ಕೂಡಿದರು. ಕೊನೆಗೆ ಅವರ ಅಣ್ಣ ಬಂದು ಹಟ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರಂತೆ. ಮೂರು ತಿಂಗಳಲ್ಲಿ ಕಾಯಿಲೆ ಹೋಯಿತು. ಈಳಿಗೆಮಣೆ ಮಾತ್ರ ಅತ್ತೆ ಇರುವವರೆಗೂ ಅವರ ಕೈಗೆ ಬರಲಿಲ್ಲ! ಇವತ್ತು ಊರಿಗೆಲ್ಲ ಸಾರಿನ ಪುಡಿ ಮಾಡಿ ಕೊಡುವ ಕೈ ಅದು. ನಲವತ್ತು ವರ್ಷಕ್ಕೂ ಮೀರಿ ಹೆತ್ತ ಮಕ್ಕಳಿಗೂ ಹೇಳದ ವಿಷಯವನ್ನು ಅವರು ನಮ್ಮೆದುರಿಗೆ ಹೇಳಿದರು. ಹೇಳಲು ಶುರು ಮಾಡಿದ್ದು ಕಾವೇರಿಯ ಹೆಸರಿನಲ್ಲಿ.

ಇದನ್ನು ಬರೆಯಲೇ ಎಂದು ಕೇಳಿದಾಗ, "ಬರಿಯಮ್ಮ, ಹೆಸರು ಮಾತ್ರ ಹಾಕಬೇಡ" ಎಂದಿದ್ದಾರೆ.

ತ್ರಿವೇಣಿಯವರು ಮನಃಶಾಸ್ತ್ರ ಓದಿದವರು, ಇದೇ ಮೈಸೂರಿನಲ್ಲಿದ್ದು ಬರೆದವರು. ಕಾಯಿಲೆಗಿಂತ, ಗುಣವಾಗಿ ಬಂದವಳನ್ನು ಮನೆ ಹೇಗೆ ನೋಡುತ್ತದೆ ಎನ್ನುವುದರ ಮೇಲೆ ಅವರ ಕಣ್ಣು ಬಿದ್ದದ್ದು ದೊಡ್ಡ ಮಾತು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರೆಂಬುದನ್ನು ನೆನೆದರೆ ಹೊಟ್ಟೆ ಕಲಸಿದಂತಾಗುತ್ತದೆ.

ಇಲ್ಲಿ ಸ್ವಲ್ಪ ವೈದ್ಯರ ಮಾತು ಸೇರಿಸುವುದು ಅಗತ್ಯ. ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಅನೇಕ ಬಾಣಂತಿಯರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಅದು ಸಾಮಾನ್ಯ, ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಅದಕ್ಕೂ ಮೀರಿ ಬೇಸರ, ಮಗುವಿನ ಮೇಲೆ ಅನಾಸಕ್ತಿ ಮುಂದುವರಿದರೆ ಡಾಕ್ಟರಿಗೆ ತೋರಿಸಬೇಕು. ಹಿಂದಿನವರು ಸನ್ನಿ ಎನ್ನುತ್ತಿದ್ದುದು ಬೇರೆ, ಅದು ಹೆಚ್ಚು ತೀವ್ರವಾದದ್ದು. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದು; ಮಾತು ಓಡುತ್ತದೆ, ಎಲ್ಲರ ಮೇಲೂ ಸಂಶಯ, ಇಲ್ಲದ ದನಿ ಕೇಳಿಸುವುದು ಎಲ್ಲ ಉಂಟು. ಇಂಥ ಹೊತ್ತಿನಲ್ಲಿ ನಾಳೆ ನೋಡೋಣ ಎನ್ನದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು, ಅಲ್ಲಿಯವರೆಗೆ ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬಾರದು. ಸರಿಯಾದ ಔಷಧಿಯಿಂದ ಗುಣವಾಗುವ ಕಾಯಿಲೆ ಇದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲಿ ಶುರುವಾಯಿತು. ಮನಸ್ಸಿನ ಯಾವುದೇ ತೊಂದರೆಗೆ ಸರಕಾರದ ಟೆಲಿ-ಮಾನಸ್‌ಗೆ 14416ರಲ್ಲಿ ಫೋನು ಮಾಡಬಹುದು, ದುಡ್ಡಿಲ್ಲ. ಒಮ್ಮೆ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಮರುಕಳಿಸಬಹುದಾದ್ದರಿಂದ ಬಸಿರಾದಾಗಲೇ ಡಾಕ್ಟರಿಗೆ ಹೇಳಿಡುವುದು ಕ್ಷೇಮ. ಇದನ್ನೆಲ್ಲ ಮುಚ್ಚಿಟ್ಟರೆ ಹೇಳುವುದು ಹೇಗೆ?

ಮುಚ್ಚಿಡದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಕಂಡೆವು. ಆ ಶನಿವಾರ ಕಳೆದು ಎರಡು ತಿಂಗಳಿಗೆ ಹೊಲಿಗೆಯ ಗೆಳತಿಯ ತಂಗಿ ಮಗಳು ಬಾಣಂತನಕ್ಕೆ ಬಂದಳು. ಎಂಟನೆಯ ದಿನ ರಾತ್ರಿ ದೊಡ್ಡಮ್ಮನಿಗೆ ಫೋನು: "ಹುಡುಗಿ ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ದೊಡ್ಡಮ್ಮ, ಗೋಡೆ ನೋಡಿಕೊಂಡು ಮಾತಾಡ್ತಾಳೆ." ದೊಡ್ಡಮ್ಮ ಆಟೋ ಹಿಡಿದು ಹೋದರು. ಮಾಂತ್ರಿಕರನ್ನು ಕರೆತರಲು ಹೊರಟಿದ್ದ ಹುಡುಗಿಯ ಮಾವನನ್ನು ಬಾಗಿಲಲ್ಲೇ ತಡೆದು, "ನನಗೂ ಬಂದಿತ್ತು ಕಣಪ್ಪಾ, ನೋಡು, ನಿಂತಿದೀನಲ್ಲ ನಿನ್ನ ಮುಂದೆ" ಎಂದರಂತೆ. ಬೆಳಗಾಗುವುದರೊಳಗೆ ಹುಡುಗಿ ಆಸ್ಪತ್ರೆಯಲ್ಲಿದ್ದಳು. ಈಗ ಚೆನ್ನಾಗಿದ್ದಾಳೆ. ಮಗುವಿಗೆ ಹಲ್ಲು ಬಂದಿದೆ.

ಇಂಥ ಗುಂಪು ಕಟ್ಟುವ ಮನಸ್ಸಿರುವವರಿಗೆ ನಮ್ಮ ಅನುಭವದ ಒಂದೆರಡು ಮಾತು ಹೇಳಬಹುದು. ಚಿತ್ರ ಚೆನ್ನಾಗಿತ್ತಾ ಎಂದು ಕೇಳಬೇಡಿ; ಹೂಂ, ಊಹೂಂ ಎನ್ನುವುದರಲ್ಲಿ ಮಾತು ಮುಗಿದುಹೋಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದಂತೂ ಕೇಳಲೇಬೇಡಿ, ಕೂತವರು ಬಾಗಿಲು ಹಾಕಿಕೊಂಡುಬಿಡುತ್ತಾರೆ. ಕಾವೇರಿ ಏನು ಮಾಡಬೇಕಿತ್ತು, ಇಂದಿರಾ ಮಾಡಿದ್ದು ಸರಿಯೇ ಎಂದು ಕೇಳಿ ನೋಡಿ! ಕಥೆಯ ಹೆಂಗಸನ್ನು ಮುಂದಿಟ್ಟುಕೊಂಡು ನಾವು ಹೇಳಲಾರದ್ದನ್ನೆಲ್ಲ ಹೇಳಿಬಿಡಬಹುದು. ಅಲ್ಲಿ ಆಡಿದ್ದು ಆ ಮನೆಯ ಹೊಸ್ತಿಲು ದಾಟಬಾರದು, ಅದು ಮುಖ್ಯ. ಆರೇಳು ಜನಕ್ಕಿಂತ ಹೆಚ್ಚು ಬೇಡ. ಹತ್ತು ಜನ ಸೇರಿದರೆ ಚೀಟಿ ವ್ಯವಹಾರ ಶುರುವಾಗುತ್ತದೆ.

ಹೊಸ ಚಿತ್ರಗಳೂ ಇರಲಿ. ಕಾಸರವಳ್ಳಿಯವರ 2008ರ 'ಗುಲಾಬಿ ಟಾಕೀಸು' ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ವೈದೇಹಿಯವರ ಕಥೆಯಿಂದ ಹುಟ್ಟಿದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬರುತ್ತದೆ, ನೆರೆಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ. ಒಟ್ಟಿಗೆ ಕೂತು ನೋಡಿದವರೇ ಆಮೇಲೆ ಅವಳಿಂದ ದೂರವಾಗುವುದನ್ನು ನೋಡಿ ನಮ್ಮ ಟೀಚರ್ ಆ ದಿನ ಕಾಫಿಯನ್ನೂ ಕುಡಿಯಲಿಲ್ಲ.

ಬರುವ ಶನಿವಾರ ಪ್ರೇಮಾ ಕಾರಂತರ 'ಫಣಿಯಮ್ಮ', ಎಂ. ಕೆ. ಇಂದಿರಾ ಅವರ ಕಾದಂಬರಿ. ಆರಿಸಿದವರು ದೊಡ್ಡಮ್ಮ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಪರ ನಿಲ್ಲುತ್ತಾಳಲ್ಲ, ಆ ಭಾಗ ಎರಡು ಸಲ ನೋಡಿಕೊಂಡು ಬರಬೇಕೆಂದು ಅಪ್ಪಣೆಯಾಗಿದೆ. ಹೊಲಿಗೆಯ ಗೆಳತಿಯ ಮನೆಯಲ್ಲಿ, ಮೂರು ಗಂಟೆಗೆ. ಮಂಡಕ್ಕಿ ಒಗ್ಗರಣೆ. ಹಲ್ಲು ಬಂದ ಮಗುವಿನ ತಾಯಿಯೂ ಬರುತ್ತೇನೆಂದಿದ್ದಾಳೆ.