ದಫ್ತರ ಯಾರದು?

ಬೆಳಗಾವಿ ಜಿಲ್ಲೆಯಲ್ಲಿ, ಗೋಕಾಕ ಜಲಪಾತದ ನೆರೆಯಲ್ಲಿ, ಕೊಣ್ಣೂರ ಎಂಬ ಊರುಂಟು. ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲಿಯೂ ಅದೇ ಹೆಸರಿನ ಇನ್ನೊಂದು ಊರುಂಟು. ಅಂಚೆಯವನಿಗೆ ಇದರಿಂದ ತೊಡಕಿಲ್ಲ. ಒಂದು ಘಟಪ್ರಭೆಯ ಸೀಮೆಯದು, ಇನ್ನೊಂದು ಮಲಪ್ರಭೆಯ ಸೀಮೆಯದು ಎಂಬುದನ್ನು ಅವನು ಬಲ್ಲ. ಗಣಕಯಂತ್ರಕ್ಕೆ ಆ ತಿಳಿವಳಿಕೆಯಿಲ್ಲ. ಅದರ ಕಣ್ಣಿಗೆ ಎರಡು ಹೆಸರುಗಳೂ ಒಂದೇ. ಜನಗಣತಿಯವರು ಒಂದೊಂದು ಊರಿಗೂ ಪ್ರತ್ಯೇಕ ಸಂಖ್ಯೆಯನ್ನು ಕೊಡುವುದು ಇಂತಹ ತೊಡಕನ್ನು ತಪ್ಪಿಸುವುದಕ್ಕಾಗಿಯೇ.

ಇನ್ನೊಂದು ಸಂಗತಿಯನ್ನು ನೋಡೋಣ. ಮೂಡಲಗಿ ಹಿಂದೆ ಗೋಕಾಕ ತಾಲೂಕಿಗೆ ಸೇರಿತ್ತು. ಈಗ ಅದೇ ಒಂದು ತಾಲೂಕಿನ ಕೇಂದ್ರವಾಗಿದೆ. ಊರೂರಿನ ಪ್ರತಿಯೊಬ್ಬ ಖಾತೆದಾರನ ಹೆಸರಿನ ಮುಂದೆಯೂ ತಾಲೂಕಿನ ಹೆಸರನ್ನು ಬರೆದಿಟ್ಟಿದ್ದರೆ, ಸಾವಿರಾರು ಕಡೆ ತಿದ್ದಬೇಕಾಗುವುದು. ನಾಲ್ಕು ಕಡೆ ತಪ್ಪಿಯೂ ಹೋಗುವುದು. ಅದರ ಬದಲು ಖಾತೆದಾರರದೊಂದು ಕೋಷ್ಟಕ, ಊರುಗಳದೊಂದು ಕೋಷ್ಟಕ, ತಾಲೂಕುಗಳದೊಂದು ಕೋಷ್ಟಕ ಎಂದು ಬೇರ್ಪಡಿಸಿ, ಗುರುತಿನ ಸಂಖ್ಯೆಗಳಿಂದ ಅವನ್ನು ಒಂದಕ್ಕೊಂದು ಹೆಣೆದರೆ, ಊರುಗಳ ಕೋಷ್ಟಕದಲ್ಲಿ ಒಂದೊಂದು ಊರಿಗೆ ಒಂದು ಸಲ ತಿದ್ದಿದರೆ ಸಾಕು. ಎಡ್ಗರ್ ಕಾಡ್ ಎಂಬ ಗಣಿತಜ್ಞನು 1970ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದಾಗ ಪ್ರಕಟಿಸಿದ ಲೇಖನದ ತಿರುಳು ಇದೇ. ಇಂದು ನಾವು ಡೇಟಾಬೇಸ್ ಎಂದು ಕರೆಯುವ ಬಹುತೇಕ ಏರ್ಪಾಡುಗಳು ಆ ತತ್ತ್ವದ ಮೇಲೆ ನಿಂತಿವೆ.

ಡೇಟಾಬೇಸಿನ ಇನ್ನೊಂದು ಗುಟ್ಟು ನಮ್ಮ ಅಂಗಡಿಕಾರರಿಗೆ ಹೊಸದಲ್ಲ. ಅವರು ವ್ಯವಹಾರವನ್ನು ಮೊದಲು ದಿನದ ಕಿರ್ದಿಯಲ್ಲಿ ಬರೆದುಕೊಂಡು, ಆಮೇಲೆ ಬಿಡುವಿನಲ್ಲಿ ಖತಾವಣಿಗೆ ಏರಿಸುತ್ತಾರೆ. ಯಂತ್ರವೂ ಹಾಗೆಯೇ ಮಾಡುತ್ತದೆ. ಬದಲಾವಣೆಯನ್ನು ಮೊದಲು ತನ್ನ ಕಿರ್ದಿಯಲ್ಲಿ ಬರೆದು, ಅದು ಭದ್ರವಾಯಿತೆಂದು ಖಾತ್ರಿಯಾದ ಮೇಲೆಯೇ ಕೋಷ್ಟಕವನ್ನು ಮುಟ್ಟುತ್ತದೆ. ನಡುವೆ ವಿದ್ಯುತ್ತು ಹೋದರೂ ಚಿಂತೆಯಿಲ್ಲ. ಮರಳಿ ಎದ್ದಾಗ ಕಿರ್ದಿಯನ್ನು ಓದಿ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ.

ಇಷ್ಟು ಜಾಣ ದಫ್ತರವು ಯಾರ ಸೊತ್ತು? ಇದೇ ಈ ಲೇಖನದ ಪ್ರಶ್ನೆ. ಮರಾಠರ ಆಳಿಕೆಯ ಕಾಲದ ಬೆಳಗಾವಿ ಸೀಮೆಯ ಅನೇಕ ಕಾಗದಪತ್ರಗಳು ಮೋಡಿ ಲಿಪಿಯಲ್ಲಿವೆ. ಕಾಗದ ಉಳಿದಿದೆ, ಮಸಿಯೂ ಅಳಿಸಿಲ್ಲ. ಆದರೆ ಓದಬಲ್ಲವರು ವಿರಳರಾದುದರಿಂದ, ಬರೆದುದು ಇದ್ದೂ ಇಲ್ಲದಂತಾಗಿದೆ. ಮೋಡಿಯನ್ನಾದರೂ ಕಲಿಯಬಹುದು. ಒಂದು ಕಂಪನಿಯು ತನ್ನ ಡೇಟಾಬೇಸಿನ ಒಳಬರಹವನ್ನು ಬೀಗದೊಳಗಿಟ್ಟು ಮಾರಿದರೆ, ಅದನ್ನು ಕಲಿಯುವ ಹಾದಿಯೇ ಇಲ್ಲ. ದಫ್ತರ ನಮ್ಮದು, ಅದನ್ನು ತೆರೆಯುವ ಕೀಲಿಕೈ ಅನ್ಯರದು ಎಂಬಂತಾಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದುದು ಮುಕ್ತ ತಂತ್ರಾಂಶ. ಇಲ್ಲಿ ಒಳಬರಹವು ಎಲ್ಲರಿಗೂ ತೆರೆದಿರುತ್ತದೆ; ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದನ್ನು ಬರಿಯ ಪುಕ್ಕಟೆ ಸರಕೆಂದು ಭಾವಿಸುವುದು ಸರಿಯಲ್ಲ. ಬೆಲೆ ಇಲ್ಲಿ ಸಣ್ಣ ಮಾತು. ಹಕ್ಕು ದೊಡ್ಡ ಮಾತು. ಆ ಹಕ್ಕಿನ ಬೆಲೆ ಏನೆಂಬುದನ್ನು ಕಳೆದ ಕೆಲವು ದಶಕಗಳ ಮೂರು ಘಟನೆಗಳು ತೋರಿಸಿಕೊಟ್ಟಿವೆ.

ಮೊದಲನೆಯದು ಪೋಸ್ಟ್‌ಗ್ರೆಸ್‌ನ ಕಥೆ. ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಎಂಬ ಪ್ರಾಧ್ಯಾಪಕರು 1986ರಲ್ಲಿ ಇದನ್ನು ಆರಂಭಿಸಿದರು. ಕೆಲವು ವರ್ಷಗಳಲ್ಲಿ ಸಂಶೋಧನೆ ಮುಗಿಯಿತು, ವಿಶ್ವವಿದ್ಯಾನಿಲಯವು ಕೈಬಿಟ್ಟಿತು. ಒಳಬರಹವು ತೆರೆದಿದ್ದುದರಿಂದ 1996ರಲ್ಲಿ ಸ್ವಯಂಸೇವಕರು ಅದನ್ನು ಎತ್ತಿಕೊಂಡರು. ಇಂದಿಗೂ ಅದಕ್ಕೆ ಒಬ್ಬ ಒಡೆಯನಿಲ್ಲ. ಹಲವು ದೇಶಗಳ, ಹಲವು ಕಂಪನಿಗಳ ಜನ ಕೂಡಿ ವರ್ಷಕ್ಕೊಂದು ಹೊಸ ಆವೃತ್ತಿಯನ್ನು ಹೊರತರುತ್ತಾರೆ. ಹದಿನೆಂಟನೆಯ ಆವೃತ್ತಿ 2025ರ ಸೆಪ್ಟೆಂಬರಿನಲ್ಲಿ ಹೊರಬಂದಿತು.

ಎರಡನೆಯದು ಮೈಎಸ್‌ಕ್ಯೂಎಲ್‌ನ ಕಥೆ. ಸ್ವೀಡನ್ನಿನಲ್ಲಿ 1995ರಲ್ಲಿ ಹುಟ್ಟಿದ ಈ ಡೇಟಾಬೇಸನ್ನು 2008ರಲ್ಲಿ ಸನ್ ಕಂಪನಿಯು ಸುಮಾರು ನೂರು ಕೋಟಿ ಡಾಲರುಗಳಿಗೆ ಕೊಂಡಿತು. ಆ ಸನ್ ಕಂಪನಿಯನ್ನೇ 2010ರಲ್ಲಿ ಆರಕಲ್ ಕಂಪನಿಯು ಕೊಂಡಿತು. ಆರಕಲ್‌ನ ಮುಖ್ಯ ವ್ಯಾಪಾರವಾದರೋ ತನ್ನದೇ ಆದ, ಬೀಗ ಹಾಕಿದ ಡೇಟಾಬೇಸಿನದು. ಮುಂದೇನಾದೀತೋ ಎಂಬ ಅಳುಕು ಬಳಕೆದಾರರಲ್ಲಿ ಮೂಡಿತು. ಮೈಎಸ್‌ಕ್ಯೂಎಲ್‌ನ ನಿರ್ಮಾಪಕರಲ್ಲೊಬ್ಬರಾದ ಮೈಕೇಲ್ ವಿಡೇನಿಯಸ್ 2009ರಲ್ಲಿಯೇ ಅದರ ಪ್ರತಿಯೊಂದನ್ನು ತೆಗೆದುಕೊಂಡು ಬೇರೆ ಒಕ್ಕಲು ಹೂಡಿದ್ದರು. ಹಿರಿಯ ಮಗಳು ಮೈ ಹೆಸರಿನಲ್ಲಿ ಮೊದಲನೆಯದನ್ನು ಕರೆದಿದ್ದ ಅವರು, ಕಿರಿಯ ಮಗಳು ಮರಿಯಾಳ ಹೆಸರಿನಲ್ಲಿ ಇದನ್ನು ಮರಿಯಾಡಿಬಿ ಎಂದು ಕರೆದರು. ಆರಕಲ್ ಮೈಎಸ್‌ಕ್ಯೂಎಲ್ ಅನ್ನು ಮುಚ್ಚಲಿಲ್ಲವೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ಆದರೆ ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯು 2013ರಲ್ಲಿ ಮರಿಯಾಡಿಬಿಗೆ ಸಾಗತೊಡಗಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಆ ಸಂಸ್ಥೆಯ ಆಶ್ರಯದಲ್ಲಿಯೇ ಇದೆ. ಕೆಳಗಿನ ತಳಪಾಯ ಬದಲಾದರೂ ಮೇಲಿನ ಕನ್ನಡ ಬರಹಕ್ಕೆ ಕುತ್ತು ಬರಲಿಲ್ಲ.

ಮೂರನೆಯದು ತೀರ ಇತ್ತೀಚಿನದು. ಬೇಗ ಬೇಕಾಗುವ ಮಾಹಿತಿಯನ್ನು ಯಂತ್ರದ ಸ್ಮೃತಿಯಲ್ಲಿಯೇ ಇರಿಸಿಕೊಡುವ ರೆಡಿಸ್ ಎಂಬ ತಂತ್ರಾಂಶದ ಕಂಪನಿಯು 2024ರ ಮಾರ್ಚ್ 20ರಂದು ತನ್ನ ಪರವಾನಿಗೆಯನ್ನು ಬಿಗಿಗೊಳಿಸಿತು. ನಮ್ಮ ಕೆಲಸದಿಂದ ದೊಡ್ಡ ಕಂಪನಿಗಳು ಗಳಿಸುತ್ತವೆ, ನಮಗೆ ಮರಳಿ ಏನೂ ಬರುವುದಿಲ್ಲ ಎಂಬುದು ಅದರ ದೂರು, ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಎಂಟೇ ದಿನಗಳಲ್ಲಿ ಹಳೆಯ ಮುಕ್ತ ಪ್ರತಿಯಿಂದ ವಾಲ್ಕೀ ಎಂಬ ಹೊಸ ಕವಲು, ಲಿನಕ್ಸ್ ಪ್ರತಿಷ್ಠಾನದ ನೆರಳಿನಲ್ಲಿ ಚಿಗುರಿತು. 2025ರ ಮೇ ತಿಂಗಳಲ್ಲಿ ರೆಡಿಸ್ ತಾನೂ ಮುಕ್ತ ಪರವಾನಿಗೆಯೊಂದನ್ನು ಮತ್ತೆ ನೀಡಿತು. ಬಾಗಿಲು ಮುಚ್ಚಿದರೆ ಜನ ಪಕ್ಕದಲ್ಲಿಯೇ ಇನ್ನೊಂದು ಮನೆ ಕಟ್ಟಬಲ್ಲರು ಎಂಬ ಅರಿವು ಒಡೆಯರನ್ನೂ ಹದದಲ್ಲಿ ಇಡುತ್ತದೆ.

ಇದರಿಂದ ಕನ್ನಡಿಗರಿಗೇನು ಲಾಭವೆಂದು ವಾಚಕರು ಕೇಳಬಹುದು. ಒಂದು ಚಿಕ್ಕ ಉದಾಹರಣೆಯನ್ನು ಕೊಡುತ್ತೇವೆ. ಗಣಕಯಂತ್ರದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯ ಪ್ರಕಾರ ಒಂದು ಸಂಖ್ಯೆಯುಂಟು. ಆ ಸಂಖ್ಯೆಗಳ ಸಾಲಿನಲ್ಲಿ ‘ಳ’ಕಾರವು ‘ಲ’ಕಾರದ ಮಗ್ಗುಲಲ್ಲಿ, ‘ವ’ಕಾರಕ್ಕಿಂತ ಮೊದಲು ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಿಯಾದರೋ ಅದರ ಸ್ಥಾನ ‘ಹ’ಕಾರದ ಆಚೆಗೆ. ಬರಿಯ ಸಂಖ್ಯೆಯನ್ನು ನಂಬಿ ಪಟ್ಟಿ ಮಾಡಿದರೆ ‘ಹಳಿ’ಯು ‘ಹವೆ’ಗಿಂತ ಮೊದಲು ಬಂದುಬಿಡುತ್ತದೆ, ನಮ್ಮ ನಿಘಂಟಿನಲ್ಲಿ ಅದು ಹಿಂದುಮುಂದು. ಆದುದರಿಂದ ಆಯಾ ಭಾಷೆಯ ಅಕಾರಾದಿಯ ನಿಯಮಗಳನ್ನು ಬೇರೆಯಾಗಿ ಬರೆದಿಡಬೇಕಾಗುತ್ತದೆ. ಅಂತಹ ನಿಯಮಗಳ ಮುಕ್ತ ಭಂಡಾರವನ್ನು ಪೋಸ್ಟ್‌ಗ್ರೆಸ್ 2017ರ ತನ್ನ ಹತ್ತನೆಯ ಆವೃತ್ತಿಯಲ್ಲಿ ಬಳಕೆಗೆ ತಂದಿತು. ಕನ್ನಡದಲ್ಲಿ ತಪ್ಪು ಕಂಡರೆ ಕನ್ನಡ ಬಲ್ಲವನೇ ತೋರಿಸಿ ತಿದ್ದಿಸಬಹುದು. ಬೀಗ ಹಾಕಿದ ತಂತ್ರಾಂಶವಾದರೆ, ನಮ್ಮ ಅಹವಾಲು ದೂರದ ಕಚೇರಿಯಲ್ಲಿ ಸರದಿ ಕಾಯುತ್ತ ಕೂರಬೇಕು.

ಆದರೆ ತೆರೆದ ಬಾಗಿಲಿಗೆ ಕಾವಲೂ ಬೇಕು. ಲೆಕ್ಕವಿಲ್ಲದಷ್ಟು ಗಣಕಯಂತ್ರಗಳಲ್ಲಿರುವ, ಕಡತಗಳನ್ನು ಕಿರಿದುಗೊಳಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆಂದು ಬಂದ ಒಬ್ಬ ಅಪರಿಚಿತನು ವರ್ಷಗಟ್ಟಲೆ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳದಾರಿಯೊಂದನ್ನು ತೋಡಿದನು. ಪೋಸ್ಟ್‌ಗ್ರೆಸ್ ಬಳಗದ ಆಂಡ್ರೆಸ್ ಫ್ರಾಯಿಂಡ್ ಯಂತ್ರದ ವೇಗವನ್ನು ಪರೀಕ್ಷಿಸುತ್ತಿದ್ದಾಗ, ಅದನ್ನು ದೂರದಿಂದ ಪ್ರವೇಶಿಸಲು ಅರ್ಧ ಸೆಕೆಂಡಿನಷ್ಟು ಕಾಲ ಹೆಚ್ಚಾಗಿ ಹಿಡಿಯುತ್ತಿರುವುದನ್ನು ಗಮನಿಸಿದರು. ಆ ಅರ್ಧ ಸೆಕೆಂಡಿನ ಜಾಡನ್ನು ಹಿಡಿದು ಹೋಗಿ, 2024ರ ಮಾರ್ಚ್ 29ರಂದು ಮೋಸವನ್ನು ಬಯಲಿಗೆಳೆದರು. ಒಳಬರಹವು ತೆರೆದಿದ್ದುದರಿಂದ ಕಳ್ಳನನ್ನು ಹಿಡಿಯುವುದು ಸಾಧ್ಯವಾಯಿತು; ಕಾಯುವವರು ಕಡಮೆಯಿದ್ದುದರಿಂದ ಕಳ್ಳನು ಒಳಗೆ ಬರುವುದೂ ಸಾಧ್ಯವಾಯಿತು. ಊರಿನ ಕೆರೆಯಂತೆ ಇದೂ ಕೂಡ. ನೀರು ಎಲ್ಲರದು, ಹೂಳೆತ್ತುವ ಕೆಲಸ ಮಾತ್ರ ಯಾರದೂ ಅಲ್ಲವೆಂದಾದರೆ ಕೆರೆ ಉಳಿಯದು.

ಪೋಸ್ಟ್‌ಗ್ರೆಸ್ ಬಳಗದ ಭಾರತೀಯ ಸಮ್ಮೇಳನವು 2025ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೇರಿತ್ತು. ಆ ಬಳಗಕ್ಕೆ ಸೇರಲು ಬೆಂಗಳೂರಿನವರೇ ಆಗಬೇಕಾಗಿಲ್ಲ, ಎಂಜಿನಿಯರರೇ ಆಗಬೇಕೆಂದೂ ಇಲ್ಲ. ದೋಷವನ್ನು ಕಂಡು ವಿವರವಾಗಿ ಬರೆದು ತಿಳಿಸುವುದು, ಕೈಪಿಡಿಯ ಒಂದು ವಾಕ್ಯವನ್ನು ಸ್ಪಷ್ಟಗೊಳಿಸುವುದು, ಅಕಾರಾದಿಯನ್ನು ಒರೆಹಚ್ಚಿ ನೋಡುವುದು ಇವೆಲ್ಲವೂ ಕೆಲಸವೇ. ಕೊಣ್ಣೂರಿನ ವಿದ್ಯಾರ್ಥಿಯೊಬ್ಬನಿಗೆ ಒಂದು ಸಾಧಾರಣ ಗಣಕಯಂತ್ರ, ಸಂಪರ್ಕ, ತಾಳ್ಮೆ ಇಷ್ಟಿದ್ದರೆ ಸಾಕು. ದಫ್ತರವು ಎಲ್ಲರದೂ ಆಗಿ ಉಳಿಯಬೇಕಾದರೆ ಅದನ್ನು ಓದಬಲ್ಲವರು ಊರೂರಲ್ಲಿಯೂ ಇರಬೇಕು.