ಉಪ್ಪಿಗೂ ಸೈ, ಸಿಹಿಗೂ ಸೈ

ಮಂಗಳೂರಿನ ಉರ್ವದಿಂದ ಪಡುವಣಕ್ಕೆ ಸಾಗಿದರೆ ಬೋಳೂರು, ಸುಲ್ತಾನ್ ಬತ್ತೇರಿ. ಅಲ್ಲಿಯೇ ಗುರುಪುರ ನದಿ. ಫಲ್ಗುಣಿ ಎಂಬ ಹೆಸರೂ ಉಳ್ಳ ಈ ನದಿ ನೇತ್ರಾವತಿಯೊಡಗೂಡಿ ಒಂದೇ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆಷಾಢದ ಮಳೆಯಲ್ಲಿ ಇಲ್ಲಿ ಸಿಹಿನೀರಿನದೇ ಮೇಲುಗೈ. ಬೇಸಗೆಯಲ್ಲಿ ಭರತದೊಡನೆ ಕಡಲೇ ಒಳನುಗ್ಗುತ್ತದೆ. ಇಂತಹ ಚಂಚಲವಾದ ಮನೆಯಲ್ಲಿ ಮೀನುಗಳು ಬಾಳುವ ಬಗೆ ಎಂತು?

ಉಪ್ಪುನೀರು ಮೀನಿನ ಮೈಯೊಳಗಣ ನೀರನ್ನು ಸೆಳೆದು ಲವಣವನ್ನು ತುಂಬುತ್ತದೆ. ಸಿಹಿನೀರು ಇದಕ್ಕೆ ತೀರ ವಿರುದ್ಧ. ಆದುದರಿಂದ ಕಿವಿರಿನ ಕೆಲವು ಜೀವಕೋಶಗಳು ಕಡಲಿನಲ್ಲಿ ಲವಣವನ್ನು ಹೊರದಬ್ಬಬೇಕು, ಹೊಳೆಯಲ್ಲಿ ಅದನ್ನೇ ಹೀರಬೇಕು. ತಿಲಾಪಿಯ ಮೀನನ್ನು ಪರೀಕ್ಷಿಸಿದ ವಿಜ್ಞಾನಿಗಳು ಇದರ ಮರ್ಮವನ್ನು ಕಂಡಿದ್ದಾರೆ. ನೀರು ಬದಲಾದೊಡನೆ ಹಾರ್ಮೋನುಗಳು ಸುದ್ದಿ ಮುಟ್ಟಿಸುತ್ತವೆ. ಜೀವಕೋಶದಲ್ಲಿ ಕೆಲವು ವಂಶವಾಹಿಗಳು ಮೌನ ತಾಳುತ್ತವೆ, ಬೇರೆ ಕೆಲವು ಎಚ್ಚರಗೊಳ್ಳುತ್ತವೆ.

ವಂಶವಾಹಿಗಳಿಗೂ ಕಡಿವಾಣವುಂಟೆಂಬುದನ್ನು ಪ್ಯಾರಿಸ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ವಿವರಿಸಿದರು. ಕರುಳಿನ ಒಂದು ಬ್ಯಾಕ್ಟೀರಿಯದಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ವಂಶವಾಹಿಗಳಿಗೆ ಒಂದು ಪ್ರೋಟೀನು ಅಡ್ಡಗಟ್ಟಿ ಕುಳಿತಿರುತ್ತದೆ. ಆ ಸಕ್ಕರೆ ಬಂದಾಗ ಅದು ಸರಿದು ದಾರಿ ಬಿಡುತ್ತದೆ. ಈ ಸಾಧನೆಗಾಗಿ ಅವರಿಗೆ, ಆಂದ್ರೆ ಲ್ವೋಫರೊಡನೆ, 1965ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಒಂದು ವಂಶವಾಹಿಯ ಪ್ರೋಟೀನು ಇನ್ನೊಂದನ್ನು ತಡೆಯುತ್ತದೆ, ಮತ್ತೊಂದನ್ನು ಪ್ರೇರಿಸುತ್ತದೆ. ಹೀಗೆ ಒಂದು ಬಲೆಯೇ ಹೆಣೆದುಕೊಳ್ಳುತ್ತದೆ. ತನ್ನ ಉತ್ಪತ್ತಿಯನ್ನು ತಾನೇ ತಡೆವ ಪ್ರೋಟೀನು ಮಿತಿ ಮೀರದು. ತನ್ನನ್ನು ತಾನೇ ಪ್ರೇರಿಸುವುದು ಒಮ್ಮೆ ಹಿಡಿದ ದಾರಿಯನ್ನು ಬಿಡಗೊಡದು. ಕಿವಿರಿನ ಕೋಶ ಕೆಲಸವನ್ನು ಬದಲಿಸಿದರೂ ಕಿವಿರಿನದಾಗಿಯೇ ಉಳಿಯುವುದು ಇಂತಹ ಏರ್ಪಾಡುಗಳಿಂದ. ಅಲೆಗೆ ತೂಗುವ ದೋಣಿ ಮಗುಚುವುದಿಲ್ಲ. ತೂಗುವುದೇ ಅದರ ರಕ್ಷೆ. ಈ ಹಿಡಿತ ತಪ್ಪಿ ಕೋಶಗಳು ಅಂಕೆಯಿಲ್ಲದೆ ಬೆಳೆದರೆ ಅದುವೇ ಅರ್ಬುದ ರೋಗ.

ಆದರೆ ಹೊಂದಿಕೆಗೂ ಎಲ್ಲೆಯುಂಟು, ವೇಳೆಯೂ ಬೇಕು. ಸಿಹಿನೀರಿನ ತಿಲಾಪಿಯವನ್ನು ಒಮ್ಮೆಗೇ ಕಡಲನೀರಿಗೆ ಹಾಕಿದರೆ ಸಾಯುವ ಸಂಭವವೇ ಹೆಚ್ಚು; ಉಪ್ಪನ್ನು ಹಂತಹಂತವಾಗಿ ಏರಿಸಿದರೆ ಅದೇ ಮೀನು ಬದುಕುತ್ತದೆ. ವಂಶವಾಹಿಗಳು ಎಚ್ಚತ್ತು, ಪ್ರೋಟೀನುಗಳು ಸಿದ್ಧವಾಗಿ, ಕಿವಿರು ಸಜ್ಜಾಗಲು ದಿನಗಳೇ ಹಿಡಿಯುತ್ತವೆ.

ಅಳಿವೆಯ ಮೀನಿಗೆ ಉಪ್ಪು ಹೊಸದಲ್ಲ. ಅಸಂಖ್ಯ ತಲೆಮಾರುಗಳು ಕಲಿತ ಪಾಠವದು. ಮನುಷ್ಯ ರಾತ್ರಿ ಬೆಳಗಾಗುವುದರೊಳಗೆ ಸುರಿವ ಕೊಳಚೆಗೂ ವಿಷಕ್ಕೂ ಅಂತಹ ಪಾಠವಿಲ್ಲ. ಪ್ರಕೃತಿ ಹೊಂದಿಕೊಳ್ಳುತ್ತದೆಯೆಂದು ನಂಬಿ ಹೊಳೆಯನ್ನು ಕೆಡಿಸುವವರು ಇದನ್ನು ಮರೆಯಬಾರದು.